ಸೊಸೆ ಸೈಕಲ್ಲಿಗೆ ಟಯರು

ಸಂಘದ ಮೀಟಿಂಗಲ್ಲಿ ಎರಡು ವಾರದಿಂದ ಒಂದೇ ಪ್ರಶ್ನೆ, "ಸೈಕಲ್ ಟಯರಿಗೆ ಐದು ಸಾವಿರ ಹಾಕಿದ್ರಂತಲ್ಲ, ಎಂತಕ್ಕೆ?" ಅಂತ. ಒಬ್ಬೊಬ್ಬರಿಗೇ ಹೇಳಿ ಸಾಕಾಯ್ತು. ಇಲ್ಲೇ ಬರೆದು ಹಾಕ್ತೀನಿ, ಓದ್ಕಳಿ.

ಸೊಸೆ ಸೈಕಲ್ ನೀವೆಲ್ಲ ನೋಡಿದೀರಿ. ಹ್ಯಾಂಡಲ್ಲು ಟಗರಿನ ಕೊಂಬಿನ ಹಂಗೆ ಕೆಳಗೆ ಬಗ್ಗಿರದು. ರೋಡ್ ಬೈಕ್ ಅಂತ ಅದರ ಹೆಸರು, ಮೋಟರ್ ಇಲ್ಲ. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದಾಗ ಅವಳದೇ ಸಂಬಳದಲ್ಲಿ ತಗಂಡಿದ್ದು. ಈಗ ಇಲ್ಲಿಂದಲೇ ಕೆಲಸ. ಒಂಬತ್ತಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತರೆ ಕತ್ತಲಾದ್ರೂ ಏಳಲ್ಲ. ಬೆಳಿಗ್ಗೆ ಆರರಿಂದ ಏಳೂವರೆ ಒಂದೇ ಅವಳ ಹೊತ್ತು. ಸೈಕಲ್ ತಗಂಡು ಹ್ಯಾಂಡ್‌ಪೋಸ್ಟಿಗೆ ಇಳಿದು, ಒಂದೊಂದು ದಿನ ಕೊಟ್ಟಿಗೆಹಾರದ ಕಡೆ, ಒಂದೊಂದು ದಿನ ಜಾವಳಿ ಕಡೆ ಹೋಗಿ ಬರ್ತಾಳೆ.

ಟಾರ್ ರಸ್ತೆ ಸಿಗೋವರೆಗೆ ನಮ್ಮದು ಎರಡು ಕಿಲೋಮೀಟರ್ ಮಣ್ಣು ದಾರಿ. ಜನವರೀಲಿ ಕಾಫಿ ಕುಯ್ಲಿನ ಟ್ರ್ಯಾಕ್ಟರ್ ಓಡಾಡಿ ಚರಲು ಕಲ್ಲೆಲ್ಲ ಮೇಲೆದ್ದಿತ್ತು. ಕಣದ ಕೆಳಗಿನ ತಿರುವಲ್ಲಿ ಜಾರಿ ಬಿದ್ಲು. ಮೊಣಕೈ ಚರ್ಮ ಹೋಯ್ತು, ಹತ್ತು ದಿನ ಕುಂಟಿದ್ಲು. ನಮ್ಮನೆಯವರು "ಅದನ್ನ ಮಾರಿ ಒಂದು ಸ್ಕೂಟಿ ತಗಳ್ಳಿ" ಅಂದ್ರು. ಮಗನೂ ಫೋನಲ್ಲಿ ಅದೇ ರಾಗ. ಅವಳು ಎಂತದೂ ಮಾತಾಡಲಿಲ್ಲ. ಸೈಕಲ್‌ನ ಶೆಡ್ಡಲ್ಲಿ ನಿಲ್ಲಿಸಿ ಮೇಲೆ ಗೋಣಿಚೀಲ ಹೊದಿಸಿ ಬಂದ್ಲು. ಆ ಗೋಣಿಚೀಲ ನೋಡಿ ನನಗೆ ಹೊಟ್ಟೆ ಒಳಗೆ ಒಂಥರಾ ಆಯ್ತು ಕಣ್ರೇ. ಮದುವೆಯಾಗಿ ಬಂದಮೇಲೆ ಒಂದೊಂದೇ ಬಿಟ್ಟು ಬಿಟ್ಟು ನಾವೆಲ್ಲ ಎಷ್ಟು ಬಿಟ್ಟಿಲ್ಲ?

ಎಂಟನೇ ಕ್ಲಾಸಿನ ಮಕ್ಕಳಿಗೆ 2006-07ರಿಂದ ಸರ್ಕಾರ ಸೈಕಲ್ ಕೊಡ್ತಿತ್ತಲ್ಲ, ಅವು ಇದೇ ದಾರೀಲಿ ಹತ್ತಿ ಇಳಿದಿವೆ. ಅವು ನಿಂತಿದ್ದು ಹೆಂಗೆ, ಇದು ಜಾರಿದ್ದು ಎಂತಕ್ಕೆ? ಇದರ ಟಯರಿನ ಪಕ್ಕ 700x25 ಅಂತ ಬರೆದಿತ್ತು. 25 ಅಂದ್ರೆ ಟಯರಿನ ದಪ್ಪ ಮಿಲಿಮೀಟರ್ ಲೆಕ್ಕದಲ್ಲಿ, ಹೆಚ್ಚುಕಮ್ಮಿ ಒಂದು ಇಂಚು. ನಮ್ಮಪ್ಪನ ಕಾಲದ ಗಂಡಸರ ಸೈಕಲ್ಲಿಗೆ ಒಂದೂವರೆ ಇಂಚು ಇರ್ತಿತ್ತು. ಗದ್ದೆ ಬದು ಮೇಲೆ ಬರಿಗಾಲಲ್ಲಿ ಬೆರಳು ಅಗಲಿಸಿ ನಡೀತೀವಿ, ಅದೇ ಹಿಮ್ಮಡಿ ಚಪ್ಪಲಿ ಹಾಕ್ಕೊಂಡು ನಡೆದು ನೋಡಿ. ಅಷ್ಟೇ ವ್ಯತ್ಯಾಸ.

ಹಂಗಂತ ಎಷ್ಟು ಬೇಕಾದ್ರೂ ದಪ್ಪದ್ದು ಹಾಕಕ್ಕಾಗಲ್ಲ. ಚಕ್ರ ತಿರುಗೋ ಜಾಗದಲ್ಲಿ ಸೈಕಲ್‌ನ ಎರಡು ಕಂಬಿ ಮಧ್ಯೆ ಎಷ್ಟು ಸಂದಿ ಇದೆ ಅಂತ ಮೊದಲು ನೋಡಬೇಕು. ಇಬ್ಬರೂ ಶೆಡ್ಡಲ್ಲಿ ಕೂತು ಸ್ಕೇಲಿಟ್ಟು ಅಳೆದ್ವಿ. ಹಿಂದಿನ ಚಕ್ರದ ಹತ್ರ ತೀರಾ ಇಕ್ಕಟ್ಟಿರೋ ಕಡೆ 42 ಮಿಲಿಮೀಟರ್ ಬಂತು. ಎರಡೂ ಕಡೆ ನಾಲ್ಕು ನಾಲ್ಕಾದ್ರೂ ಬಿಡಬೇಕು, ಇಲ್ಲಾಂದ್ರೆ ಕಲ್ಲು ಸಿಕ್ಕೊಂಡು ಕಂಬಿ ಉಜ್ಜುತ್ತೆ. ಹಂಗೆ ಲೆಕ್ಕ ಹಾಕಿ 32ಕ್ಕೆ ನಿಂತ್ವಿ. ಮುಂದಿನ ಚಕ್ರದ ಮೇಲ್ಗಡೆ ಸಂದೀನೂ ನೋಡಿದ್ವಿ, ಸಾಕಷ್ಟಿತ್ತು. ಇವಳದು ಡಿಸ್ಕ್ ಬ್ರೇಕು. ರಿಮ್ಮು ಹಿಡಿಯೋ ಬ್ರೇಕಿರೋ ಎಷ್ಟೋ ರೋಡ್ ಬೈಕಲ್ಲಿ 28ರ ಮೇಲೆ ಜಾಗವೇ ಇರಲ್ಲ.

ನಮ್ಮನೆಯವರು ಪೇಟೆ ಅಂಗಡೀಲಿ ಕೇಳಿ "28 ಇಂಚಿನ ಟಯರಿದೆ, ತರ್ಲಾ?" ಅಂತ ಫೋನ್ ಮಾಡಿದ್ರು. ಅದು ಹಳೇ ದೊಡ್ಡ ಸೈಕಲ್ಲಿಂದು. 700 ಅನ್ನೋದಕ್ಕೂ ಕೆಲವರು 28 ಇಂಚು ಅಂತಾರೆ, ಆದ್ರೆ ಒಂದಕ್ಕೊಂದು ಕೂರಲ್ಲ. ಟಯರಿನ ಪಕ್ಕ ಸಣ್ಣದಾಗಿ ಬರೆದಿರೋ ನಂಬರು ಓದಬೇಕು. ಇವಳ ರಿಮ್ಮಿಗೆ ಬೇಕಾದ್ದು 622, ಅದರಲ್ಲಿದ್ದಿದ್ದು 635. "ಬ್ಯಾಡ, ಬನ್ನಿ" ಅಂದೆ. ಕೊನೆಗೆ 32-622 ಅಂತಿರೋದನ್ನೇ ಬೆಂಗಳೂರಿಂದ ತರಿಸಿದ್ವಿ, ಟ್ಯೂಬೂ ಅದಕ್ಕೆ ಹೊಂದೋದು.

ಮುಳ್ಳುಮುಳ್ಳು ಗುಬ್ಬಿ ಇರೋದು ತಗಂಡ್ರೆ ಗಟ್ಟಿ ಹಿಡಿಯುತ್ತೆ ಅಂತ ನಾನೂ ಕೇಳಿದೆ. "ಅತ್ತೆ, ಟಾರಲ್ಲಿ ಅದು ಗುರ್ ಅನ್ನುತ್ತೆ, ಏರಲ್ಲಿ ಕಾಲು ಸೋಲುತ್ತೆ" ಅಂದ್ಲು. ಅವಳು ತುಳಿಯೋದರಲ್ಲಿ ಮುಕ್ಕಾಲು ಪಾಲು ಟಾರೇ. ಅದಕ್ಕೆ ನಡುವೆ ನುಣುಪು, ಅಂಚಲ್ಲಿ ಮಾತ್ರ ಸಣ್ಣ ಗುಬ್ಬಿ ಇರೋದು ಬಂತು.

ಅರ್ಧ ಕೆಲಸ ಟಯರಿಂದು, ಇನ್ನರ್ಧ ಗಾಳೀದು. ಮುಂಚೆ ಕಲ್ಲಿನಂಗೆ 90 ಪೌಂಡ್ ಹೊಡೀತಿದ್ಲು. ಅಷ್ಟು ಬಿಗಿ ಇದ್ರೆ ಚರಲಿನ ಮೇಲೆ ಚಕ್ರ ಪುಟಿಯುತ್ತೆ, ನೆಲ ಹಿಡಿಯಲ್ಲ. ಈಗ ಮುಂದೆ 45, ಭಾರ ಬೀಳೋ ಹಿಂದಿನದಕ್ಕೆ 50. ಐವತ್ತೈದು ಕೆ.ಜಿ. ಹುಡುಗಿಗೆ ಇದು ಸರಿ, ತೂಕದವರಿಗೆ ಜಾಸ್ತಿ ಬೇಕು. ತೀರಾ ಇಳಿಸಿದ್ರೂ ಕಷ್ಟ. ಕಲ್ಲಿಗೂ ರಿಮ್ಮಿಗೂ ಮಧ್ಯೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂಗೆ ಜೋಡಿ ತೂತು ಬೀಳುತ್ತೆ. ಅದಕ್ಕೇ ಒಂದು ಟ್ಯೂಬು, ಸಣ್ಣ ಪಂಪು ಯಾವಾಗಲೂ ಸೀಟಿನ ಕೆಳಗಿನ ಚೀಲದಲ್ಲಿರುತ್ತೆ.

ಅಂದಹಾಗೆ ಈ ಗಾಳಿ ಟಯರನ್ನ ಮಾಡಿದ ಡನ್‌ಲಪ್ ದನದ ಡಾಕ್ಟರಂತೆ. ಮಗನ ಮೂರು ಚಕ್ರದ ಸೈಕಲ್ಲಿಗೆ ಅಂತ ಮಾಡಿದ್ದು. ಮನೆ ಮಗುವಿಗೆ ಅಂತ ಕೂತ್ರೆ ತಲೆ ಓಡುತ್ತೆ ನೋಡಿ.

ಫೆಬ್ರವರಿಯಿಂದ ದಿನಾ ಹೋಗ್ತಿದಾಳೆ. ಅದೇ ತಿರುವಲ್ಲಿ ಮೊದಲ ವಾರ ನಾನು ಕಣ ಗುಡಿಸೋ ನೆಪದಲ್ಲಿ ಪೊರಕೆ ಹಿಡ್ಕೊಂಡು ನಿಂತಿದ್ದೆ. ಚರಲು ಕರಕರ ಅಂದಿದ್ದು ಬಿಟ್ರೆ ಎಂತದೂ ಆಗಲಿಲ್ಲ. ಜೂನ್ ಬಂದ್ರೆ ಮಾತ್ರ ಬೇರೆ ಲೆಕ್ಕ. ನಮ್ಮ ಕೆಂಪು ಮಣ್ಣು ನೆನೆದ ಮೇಲೆ ಗುಬ್ಬಿ ಸಂದಿಯೆಲ್ಲ ತುಂಬಿ ಇದೂ ಜಾರೋದೇ. ಆಗ ತಿರುವಿನವರೆಗೂ ತಳ್ಕೊಂಡು ಹೋಗಬೇಕು ಅಂತ ಹೇಳಿದೀನಿ, ಉಂಬಳ ಕಚ್ಚಿದ್ರೂ ಸರಿ. ಹೂಂ ಅಂದಿದಾಳೆ.

ಹಳೇ 25ರ ಟಯರು ಎಸೀಲಿಲ್ಲ. ಬೆಂಗಳೂರಿಗೆ ತಗಂಡು ಹೋದಾಗ ಬೇಕಾಗುತ್ತಂತೆ. ಸೀಮೆಸುಣ್ಣದ ಪುಡಿ ಸವರಿ, ಪೇಪರ್ ಸುತ್ತಿ, ಅಟ್ಟದ ಮೇಲೆ ಇಲಿ ಸಿಗದ ಕಡೆ ನೇತು ಹಾಕಿದೀನಿ.