ಕಪ್ಪು ನೆಲ, ಬೆಳ್ಳಿಗೆರೆ

ಬೀದರಿನ ಬಿದ್ರಿ ಕುಶಲಕರ್ಮಿಯು ಸತುವಿಗೆ ಕೊಂಚ ತಾಮ್ರವನ್ನು ಬೆರೆಸಿ ಪಾತ್ರೆಯನ್ನು ಎರಕಹೊಯ್ಯುತ್ತಾನೆ. ಅದರ ಮೈಯಲ್ಲಿ ಗೆರೆ ಕೊರೆದು ಬೆಳ್ಳಿಯನ್ನು ಕೂರಿಸುತ್ತಾನೆ. ಕಡೆಗೆ ಕೋಟೆಯ ಹಳೆಯ ಮಣ್ಣನ್ನೂ ನವಸಾಗರವನ್ನೂ ನೀರಿನಲ್ಲಿ ಕಲಸಿ ತಿಕ್ಕಿದನೆಂದರೆ ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಬೆರಕೆಯೆಂದರೆ ಕೆಡುಕೆಂದು ತಿಳಿದವರು ಈ ಸಂಗತಿಯನ್ನು ನೆನೆಯತಕ್ಕದ್ದು.

ಸಂಗೀತದಲ್ಲಿಯೂ ಇಂಥದೊಂದು ಬೆರಕೆ 1982ರಲ್ಲಿ ಮುಂಬಯಿಯಿಂದ ಹೊರಟಿತು. ಚರಣಜಿತ್ ಸಿಂಗರು ಹಿಂದಿ ಚಲಚ್ಚಿತ್ರಗಳ ವಾದ್ಯವೃಂದದಲ್ಲಿ ನುಡಿಸಿ ಜೀವಿಸುತ್ತಿದ್ದವರು. ಅವರು ಜಪಾನಿನ ರೋಲ್ಯಾಂಡ್ ಸಂಸ್ಥೆಯ ಮೂರು ಯಂತ್ರಗಳನ್ನು ಕೂಡಿಸಿದರು: ಜ್ಯೂಪಿಟರ್-8 ಎಂಬ ಸಿಂಥಸೈಜರು, ಟಿಬಿ-303 ಎಂಬ ಮಂದ್ರಸ್ವರದ ಯಂತ್ರ, ಟಿಆರ್-808 ಎಂಬ ತಾಳಯಂತ್ರ. ಭೈರವಿ, ಲಲಿತ, ತೋಡಿ, ಯಮನ್, ಮಾಲಕಂಸ ಮೊದಲಾದ ಹತ್ತು ರಾಗಗಳನ್ನು ಡಿಸ್ಕೊ ಗತಿಗೆ ಹೊಂದಿಸಿ ಒಂದು ಧ್ವನಿಮುದ್ರಿಕೆಯನ್ನು ಸಿದ್ಧಗೊಳಿಸಿದರು. ಹಾಡುಗಾರನಿಲ್ಲ, ತಬಲೆಯಿಲ್ಲ. ಕೊಂಡವರೂ ಹೆಚ್ಚಿಲ್ಲ.

1987ರಲ್ಲಿ ಅಮೆರಿಕದ ಶಿಕಾಗೊ ನಗರದ ಫ್ಯೂಚರ್ ಎಂಬ ತಂಡವು ಅದೇ ಟಿಬಿ-303ನ್ನು ಬಳಸಿ 'ಆಸಿಡ್ ಟ್ರ್ಯಾಕ್ಸ್' ಹೊರಡಿಸಿದಾಗ, ಹೊಸ ಸಂಗೀತವೊಂದು ಹುಟ್ಟಿತೆಂದು ಕೇಳುಗರು ಬೆರಗಾದರು. ಅದನ್ನು ಹೋಲುವ ನಾದವು ಐದು ವರ್ಷ ಮೊದಲೇ ಮುಂಬಯಿಯಲ್ಲಿ ಕೇಳಿಸಿತ್ತೆಂಬುದು, 2010ರಲ್ಲಿ ಸಿಂಗರ ಮುದ್ರಿಕೆ ಮರಳಿ ಪ್ರಕಟವಾದ ಬಳಿಕವೇ ಲೋಕಕ್ಕೆ ತಿಳಿಯಿತು. 2015ರಲ್ಲಿ ಅವರು ತೀರಿಕೊಂಡರು.

ಯಂತ್ರವು ರಾಗವನ್ನು ಕೆಡಿಸಿತೆ? ಟಿಬಿ-303 ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬಲ್ಲುದು. ಆದರೆ ಆ ಜಾರು ಗಾಯಕನ ಮೀಂಡಿನಂತೆ ಭಾವಕ್ಕೆ ತಕ್ಕಂತೆ ಮಣಿಯದು. ತಾಳವು ಎಲ್ಲಿಯೂ ಉಸಿರು ತೆಗೆದುಕೊಳ್ಳದು. ಈ ನಷ್ಟವನ್ನು ಮರೆಮಾಚಲಾಗದು. ಲಾಭವೂ ಉಂಟು: ಕದಲದ ತಾಳದ ಕಪ್ಪು ನೆಲದ ಮೇಲೆ ರಾಗದ ಆರೋಹ ಅವರೋಹಗಳು ಬೆಳ್ಳಿಗೆರೆಯಂತೆ ಸ್ಪಷ್ಟವಾಗಿ ತೋರುತ್ತವೆ. ಯಂತ್ರವನ್ನೇ ಒಲ್ಲೆವೆನ್ನುವ ಮನೆಗಳಲ್ಲಿಯೂ ಅಭ್ಯಾಸಕ್ಕೆ ಎಲೆಕ್ಟ್ರಾನಿಕ್ ತಂಬೂರಿ ಮಿಡಿಯುತ್ತಿರುವುದುಂಟಷ್ಟೆ. ಅಂಥ ವಾದ್ಯಗಳನ್ನು ರೂಪಿಸಿದ ಬೆಂಗಳೂರಿನ ಜಿ. ರಾಜ್ ನಾರಾಯಣರು ಸ್ವತಃ ಕೊಳಲು ಬಲ್ಲವರು.

ಈಗ ಭಾಲ್ಕಿಯಲ್ಲಿಯೋ ಔರಾದಿನಲ್ಲಿಯೋ ಒಂದು ಕಂಪ್ಯೂಟರು ಇದ್ದರೆ, ಯಾರ ಹಂಗೂ ಇಲ್ಲದೆ ಒಬ್ಬರೇ ಕುಳಿತು ಇಡಿಯ ಆಲ್ಬಮನ್ನು ರಚಿಸಬಹುದು. ಕನ್ನಡ, ಮರಾಠಿ, ಉರ್ದು ಒಂದೇ ಪೇಟೆಯಲ್ಲಿ ಕೇಳಿಬರುವ ಸೀಮೆಯಿದು. ವಚನವೂ ಅಭಂಗವೂ ಕವ್ವಾಲಿಯೂ ಇಲ್ಲಿನ ಕಿವಿಗೆ ಹೊಸವಲ್ಲ. ಮಗನೋ ಮಗಳೋ ಇವನ್ನೆಲ್ಲ ಯಂತ್ರದಲ್ಲಿ ಹೊಂದಿಸಹೊರಟರೆ, ಇದೂ ಒಂದು ಸಂಗೀತವೆ ಎಂದು ಹಿರಿಯರು ಬಾಗಿಲು ಹಾಕಿಬಿಡುವುದು ಸುಲಭ. ಕೇಳತಕ್ಕ ಪ್ರಶ್ನೆ ಬೇರೆ: ಇದರಲ್ಲಿ ಬೆಳ್ಳಿ ಎಲ್ಲಿದೆ? ಕೋಟೆಯ ಮಣ್ಣು ಬೆಳ್ಳಿಯನ್ನು ಹುಟ್ಟಿಸಲಾರದು, ಇದ್ದುದನ್ನು ಎತ್ತಿ ತೋರಿಸಬಲ್ಲುದು. ಯಂತ್ರದ ಶಕ್ತಿಯೂ ಅಷ್ಟೆ. ರಾಗವನ್ನು ಕಲಿತ ಕೈಗೆ ಅದು ದಾಸ; ಕಲಿಯದ ಕೈಗೆ ಬರಿಯ ಸದ್ದು. ಇದನ್ನು ತಿಳಿಯಲು ಹಿರಿಯರು ಒಮ್ಮೆ ಕುಳಿತು ಕೇಳಲೇಬೇಕು. ಅಂಥ ಕಿವಿಗಳು ದೊರೆಯಲು ಸಿಂಗರ ಮುದ್ರಿಕೆಗೆ 28 ವರ್ಷ ಹಿಡಿಯಿತು. ಮನೆಯ ಮಕ್ಕಳು ಅಷ್ಟು ಕಾಲ ಕಾಯುವಂತಾಗಬಾರದು.