ಅಪ್ಪ–ಅವ್ವನಿಗೊಂದು ಕ್ರೂಸ್: ಯಾವ ನೀರು ಆರಿಸಬೇಕು?

ನಮ್ಮ ಅಪ್ಪ–ಅವ್ವನಿಗೆ ಪ್ರವಾಸದ ಬಗ್ಗೆ ಪಾಠ ಹೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅಪ್ಪ ಅಮೀನಗಡದ ಸುತ್ತಮುತ್ತ ಹೈಸ್ಕೂಲುಗಳಲ್ಲಿ ಇತಿಹಾಸ ಕಲಿಸಿದ ಮಾಸ್ತರರು. ಪ್ರತಿ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸದ ಬಸ್ಸಿನ ಮುಂದಿನ ಸೀಟು, ಕೊರಳಲ್ಲಿ ಸೀಟಿ, ಕೈಯಲ್ಲಿ ಹಾಜರಿ ಪಟ್ಟಿ. ಬೇಲೂರು, ಜೋಗ, ಮೈಸೂರು ಎಷ್ಟು ಸಲ ನೋಡಿದ್ದಾರೋ ಅವರಿಗೇ ಲೆಕ್ಕವಿಲ್ಲ. ಅವ್ವ ಕಾಶಿ, ರಾಮೇಶ್ವರ, ಶ್ರೀಶೈಲ, ಚಾರ್‌ಧಾಮ್ ಎಲ್ಲ ಮುಗಿಸಿದವಳು. ನನಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕ ಮೇಲೆ ಇಬ್ಬರೂ ಸಿಂಗಪುರ, ದುಬೈ ಕೂಡ ನೋಡಿ ಬಂದರು. ಎಲ್ಲಿಗೆ ಹೋದರೂ ಅವ್ವನ ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ನಮ್ಮೂರಿನ ಕರದಂಟು ಇರಲೇಬೇಕು.

ಅಪ್ಪ ರಿಟೈರ್ ಆದಾಗ ಕೇಳಿದೆ, "ಈ ಸಲ ಎಲ್ಲಿಗೆ ಹೋಗೂಣು?" ಅಪ್ಪನ ಉತ್ತರ ಸ್ಪಷ್ಟವಿತ್ತು: "ಎಲ್ಲಿಗಾದ್ರೂ ಕರಕೊಂಡು ಹೋಗು. ಆದ್ರ ಮುಂಜಾನೆ ನಾಕಕ್ಕೆ ಏಳೂದಂದ್ರ ನಾ ಒಲ್ಲೆ. ಸುಮ್ನ ಕುಂದ್ರಬೇಕು, ಊರು ತಾನ ಬಂದು ಹೋಗಬೇಕು."

ನನ್ನ ತಲೆಗೆ ತಕ್ಷಣ ಹೊಳೆದದ್ದು ಕ್ರೂಸ್. ಬ್ಯಾಗು ಒಂದೇ ಸಲ ಬಿಚ್ಚಿದರಾಯಿತು. ಹೋಟೆಲ್ ಬದಲಿಸುವಂತಿಲ್ಲ, ಬಸ್ಸು ಹತ್ತಿ ಇಳಿಯುವ ಗದ್ದಲವಿಲ್ಲ. ಸಾಫ್ಟ್‌ವೇರ್ ಮಂದಿ ಮಾಡುವುದನ್ನೇ ನಾನೂ ಮಾಡಿದೆ: ಎಕ್ಸೆಲ್ ಶೀಟ್ ತೆರೆದೆ. ಖರ್ಚು, ವೀಸಾ, ಊಟ, ಹವಾಮಾನ, ನಡಿಗೆ ಎಷ್ಟು, ಒಂದೊಂದಕ್ಕೂ ಹತ್ತರಲ್ಲಿ ಅಂಕ.

ಮೊದಲ ಸಾಲಿನಲ್ಲಿ ಸಮುದ್ರ. ಮುಂಬೈಯಿಂದ ಗೋವಾ, ಇಲ್ಲವೇ ಲಕ್ಷದ್ವೀಪದ ಕಡೆ ಹೋಗುವ ದೊಡ್ಡ ಹಡಗು. ಓದುತ್ತಾ ಹೋದಂತೆ ಒಂದೊಂದೇ ವಿಷಯ ತಿಳಿಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದಲ್ಲಿ ಮಳೆಗಾಲದ ಅಲೆಗಳು, ಆ ತಿಂಗಳುಗಳು ಬೇಡ. ಹಡಗು ಅಲುಗಾಡುವುದು ಕಡಿಮೆ ಗೊತ್ತಾಗುವುದು ಮಧ್ಯಭಾಗದ, ಕೆಳಗಿನ ಡೆಕ್‌ಗಳ ಕೋಣೆಗಳಲ್ಲಿ. ತುದಿಯಲ್ಲಿ, ಮೇಲಿನ ಮಹಡಿಯಲ್ಲಿ ನೋಟ ಚೆಂದ, ಆದರೆ ಹೊಟ್ಟೆ ತೊಳಸುವುದೂ ಅಲ್ಲೇ ಹೆಚ್ಚು. ಪಟ್ಟಿಯಲ್ಲಿ ಬಂದರುಗಳು ಜಾಸ್ತಿ ಇದ್ದಷ್ಟೂ ವಿಶ್ರಾಂತಿ ಕಡಿಮೆ. ದಿನಕ್ಕೊಂದು ಬಂದರು ಅಂದರೆ ದಿನಾ ಬೆಳಿಗ್ಗೆ ಸಾಲು ನಿಲ್ಲಬೇಕು, ಸಂಜೆ ಓಡಿ ಬರಬೇಕು. ಅದು ಅಪ್ಪನ ಶಾಲಾ ಪ್ರವಾಸವೇ, ಬಸ್ಸಿನ ಬದಲು ಹಡಗು ಅಷ್ಟೇ. ಹಾಗಾಗಿ ಹೆಚ್ಚು ಸುತ್ತಿದವರು ಹುಡುಕಬೇಕಾದದ್ದು ಬಂದರುಗಳನ್ನಲ್ಲ, ನಡುವೆ ಸಿಗುವ ಖಾಲಿ ದಿನಗಳನ್ನು.

ಎರಡನೆಯ ಸಾಲಿನಲ್ಲಿ ಈಜಿಪ್ಟ್. ಲಕ್ಸರ್‌ನಿಂದ ಅಸ್ವಾನ್‌ವರೆಗೆ ನೈಲ್ ನದಿಯ ಮೇಲೆ ಮೂರು–ನಾಲ್ಕು ರಾತ್ರಿ. ಸಮುದ್ರದ ಅಲೆ ಇಲ್ಲ, ದಂಡೆಯ ಮೇಲೆ ಸಾಲುಸಾಲು ಗುಡಿ. ಐಹೊಳೆಯ ಪಕ್ಕದಲ್ಲಿ ಬದುಕಿದ ಇತಿಹಾಸದ ಮಾಸ್ತರರಿಗೆ ಇದಕ್ಕಿಂತ ಇನ್ನೇನು ಬೇಕು? ಶೀಟಿನಲ್ಲಿ ಇದಕ್ಕೇ ಹೆಚ್ಚು ಅಂಕ ಬಂತು.

ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಅಪ್ಪ ಖುಷಿಯಿಂದ ಪಾಠ ಶುರು ಮಾಡಿದರು. ಅಸ್ವಾನ್‌ನಲ್ಲಿ ದೊಡ್ಡ ಅಣೆಕಟ್ಟೆ ಕಟ್ಟುವಾಗ ಅಬು ಸಿಂಬೆಲ್ ಗುಡಿಗಳು ಮುಳುಗಬೇಕಿತ್ತು, 1964ರಿಂದ 1968ರೊಳಗೆ ಅವನ್ನು ತುಂಡು ತುಂಡಾಗಿ ಕೊಯ್ದು ಮೇಲಿನ ಜಾಗಕ್ಕೆ ಸಾಗಿಸಿ ಮತ್ತೆ ಜೋಡಿಸಿದರು ಅಂತ. "ಅಷ್ಟು ದೂರ ಯಾಕ? ಶ್ರೀಶೈಲ ಡ್ಯಾಮಿನಾಗ ಮುಳುಗಬೇಕಾದ ಕೂಡವೆಲ್ಲಿ ಸಂಗಮೇಶ್ವರ ಗುಡೀನೂ ಹಂಗ ಬಿಚ್ಚಿ ಆಲಂಪುರಕ್ಕ ತಂದು ಕಟ್ಯಾರ" ಅಂದರು.

ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ಗುಡಿ ಎತ್ತಿ ಇಟ್ರು. ಮಂದಿ ಮನಿ ಯಾರು ಎತ್ತಿ ಇಟ್ರು?" ಅಂದು ಒಳಗೆ ಹೋದಳು.

ನನ್ನ ಶೀಟಿನಲ್ಲಿ ಈ ಪ್ರಶ್ನೆಗೆ ಕಾಲಮ್ ಇರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು. ಅವ್ವನ ತವರು ಬಾಗಲಕೋಟೆ ಹತ್ತಿರ ಘಟಪ್ರಭಾ ದಂಡೆಯ ಒಂದು ಹಳ್ಳಿ. ಆಲಮಟ್ಟಿ ಅಣೆಕಟ್ಟೆಗೆ 1964ರಲ್ಲಿ ಅಡಿಗಲ್ಲು ಬಿತ್ತು, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ದೇಶಕ್ಕೆ ಅರ್ಪಿಸಿದರು. ಆ ನಡುವೆ ಹಿನ್ನೀರು ಏರುತ್ತಾ ಬಂದು ಹಳೇ ಬಾಗಲಕೋಟೆಯ ಒಂದು ಭಾಗವನ್ನೂ ಸುತ್ತಲಿನ ಎಷ್ಟೋ ಹಳ್ಳಿಗಳನ್ನೂ ನುಂಗಿತು. ನಮ್ಮ ಕಡೆ ಇದಕ್ಕೆ ಒಂದೇ ಮಾತು, 'ಮುಳುಗಡೆ'. ನಾನಾಗ ಸಣ್ಣವ. ಅಜ್ಜನ ಮನೆಯ ಬಾಗಿಲು, ತೊಲೆ, ಜಂತಿ ಎಲ್ಲ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದ್ದು ನೆನಪಿದೆ. ನನಗೆ ಅದೊಂದು ಆಟದ ಹಾಗೆ ಕಂಡಿತ್ತು. ಹೇರಿದ ಸಾಮಾನಿನ ಮೇಲೆ ಕೂತು ಪುನರ್ವಸತಿ ಕೇಂದ್ರದವರೆಗೆ ಹೋಗಿದ್ದೆ.

ಈಗ ಅಣೆಕಟ್ಟೆಯ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸುವ ಮಾತು ಬಂದಾಗಲೆಲ್ಲ ಅವ್ವ ಟಿವಿ ಸದ್ದು ಜಾಸ್ತಿ ಮಾಡುತ್ತಾಳೆ. ಆದರೂ ಅವಳಿಗೆ ನೀರಿನ ಮೇಲೆ ರಾತ್ರಿ ಕಳೆಯುವುದು ಹೇಗೆ ಅನಿಸಬಹುದು ಅಂತ ನಾನು ಯೋಚಿಸಿಯೇ ಇರಲಿಲ್ಲ. ದುಬೈ, ಸಿಂಗಪುರ ಸುತ್ತಿದವಳಲ್ಲವೇ, ಕ್ರೂಸ್ ಅಂದರೆ ಏನು ಮಹಾ ಅಂದುಕೊಂಡಿದ್ದೆ.

ಮರುದಿನ ಮೂವರೂ ಕೂಡಲಸಂಗಮಕ್ಕೆ ಹೋದೆವು. ಅಮೀನಗಡದಿಂದ ದೂರವೇನಲ್ಲ, ಹಬ್ಬಕ್ಕೆ ಬಂದಾಗ ಹೇಗೂ ಹೋಗುತ್ತೇವೆ. ಕೃಷ್ಣಾ, ಮಲಪ್ರಭಾ ಕೂಡುವ ಜಾಗ. ನಾರಾಯಣಪುರ ಜಲಾಶಯದ ಹಿನ್ನೀರು ಅಲ್ಲಿ ಹರಡಿ ನಿಂತಿರುತ್ತದೆ. ಆ ನೀರಿನ ನಡುವೆ ಬಾವಿಯಂಥ ಗೋಡೆ ಕಟ್ಟಿದ್ದಾರೆ. ಮೆಟ್ಟಿಲಿಳಿದು ಹೋದರೆ ಒಳಗೆ ಬಸವಣ್ಣನವರ ಐಕ್ಯಸ್ಥಳ. ಸುತ್ತಲೂ ನೀರು, ಒಳಗೆ ಮಾತ್ರ ಹಳೆಯ ನೆಲ.

ಮೇಲೆ ಬಂದು ಗೋಡೆಗೆ ಆತು ನಿಂತಾಗ ಅವ್ವ ತಾನಾಗಿಯೇ ಮಾತು ತೆಗೆದಳು. "ಬ್ಯಾಸಗಿಯಾಗ ನೀರು ಇಳದಾಗ ನಮ್ಮೂರ ಹನಮಪ್ಪನ ಗುಡಿ ಕಟ್ಟಿ ಕಾಣತೈತಿ. ಎರಡ ಸಲ ಹೋಗಿ ನೋಡೇನಿ. ನೀರಿನ ಮ್ಯಾಲ ದ್ವಾಣಿಯಾಗ ಹೊಂಟ್ರ ತಳಗ ಏನೈತಿ, ಯಾರ ಮನಿ ಐತಿ ಅಂತನ ತಲಿಯಾಗ ಬರತೈತಪಾ."

"ಹಂಗಾದ್ರ ಕ್ರೂಸ್ ಬ್ಯಾಡ ಬಿಡವ್ವಾ" ಅಂದೆ.

"ಬ್ಯಾಡ ಅಂದೇನೇನು? ನಿಮ್ಮಪ್ಪ ಆಸೆ ಮಾಡ್ಯಾರ. ತಳ ಕಾಣದ ನೀರು ಬ್ಯಾಡ, ದಂಡಿ ಕಾಣಬೇಕು. ದಂಡಿ ಮ್ಯಾಲ ಮಂದಿ ಇರಬೇಕು. ಅಷ್ಟ."

ಎರಡು ವಾರದ ಸಂಶೋಧನೆಯಲ್ಲಿ ನನಗೆ ಸಿಗದ ರಿಕ್ವೈರ್‌ಮೆಂಟ್ ಅವ್ವ ಎರಡು ವಾಕ್ಯದಲ್ಲಿ ಕೊಟ್ಟಳು. ಸಮುದ್ರ ಅಲ್ಲಿಗೇ ಬಿಟ್ಟುಹೋಯಿತು. ನೈಲ್ ಕೂಡ. ಅಲ್ಲಿ ಬಿಸಿಲಿಗೆ ಹೆದರಿ ಗುಡಿ ನೋಡಲು ನಸುಕಿನಲ್ಲೇ ಎಬ್ಬಿಸುತ್ತಾರೆ ಅಂತ ಓದಿದ ಮೇಲೆ ಅಪ್ಪನೂ ಹಿಂದೆ ಸರಿದರು. ಉಳಿದದ್ದು ನನ್ನ ಶೀಟಿನ ಕೊನೆಯ ಸಾಲು, ಎಲ್ಲರೂ ಹೋಗಿಬಂದ ಜಾಗ ಅಂತ ನಾನು ಕಡಿಮೆ ಅಂಕ ಕೊಟ್ಟಿದ್ದ ಕೇರಳದ ಆಲಪ್ಪುಳ.

ಫೆಬ್ರುವರಿಯಲ್ಲಿ ಹೋದೆವು. ಕ್ರಿಸ್‌ಮಸ್ ರಜೆಯ ಗದ್ದಲ ಮುಗಿದಿರುತ್ತದೆ, ಮಳೆ ಇರುವುದಿಲ್ಲ. ಶನಿವಾರ–ಭಾನುವಾರ ಬಿಟ್ಟು ವಾರದ ನಡುವೆ ಎರಡು ರಾತ್ರಿಗೆ ಒಂದು ಸಣ್ಣ ಹೌಸ್‌ಬೋಟ್. ಇವಕ್ಕೆ ಅಲ್ಲಿ ಕೆಟ್ಟುವಳ್ಳಂ ಅನ್ನುತ್ತಾರೆ. ಹಿಂದೆ ಅಕ್ಕಿ, ಮಸಾಲೆ ಸಾಮಾನು ಸಾಗಿಸುತ್ತಿದ್ದ ದೋಣಿಗಳು ಇವು. ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟುತ್ತಿದ್ದರಂತೆ. ಇದನ್ನು ಕೇಳಿ ಅಪ್ಪ ದೋಣಿಯ ಪಕ್ಕಕ್ಕೆ ಬಗ್ಗಿ ಬಗ್ಗಿ ಹೊಲಿಗೆ ಹುಡುಕಿದರು.

ದೋಣಿ ವೆಂಬನಾಡ್ ಸರೋವರ ದಾಟಿ ಕುಟ್ಟನಾಡಿನ ಕಾಲುವೆಗಳಿಗೆ ಹೊಕ್ಕಿತು. ಅಲ್ಲಿ ಭತ್ತದ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಕೆಳಗೆ. ದೋಣಿಯಲ್ಲಿ ಕೂತು ಹಸಿರು ಗದ್ದೆಯನ್ನು ಕೆಳಗೆ ಬಗ್ಗಿ ನೋಡಬೇಕು! ನಡುವೆ ಒಂದು ಬದು, ಬದುವಿನ ಮೇಲೆ ಮನೆಗಳು. ಪ್ರತಿ ಮನೆಗೂ ನೀರಿಗೆ ಇಳಿಯುವ ನಾಲ್ಕು ಮೆಟ್ಟಿಲು. ಹೆಣ್ಣುಮಕ್ಕಳು ಪಾತ್ರೆ ತಿಕ್ಕುತ್ತಿದ್ದರು, ಯೂನಿಫಾರ್ಮ್ ಹಾಕಿದ ಮಕ್ಕಳು ದೋಣಿಗೆ ಕಾಯುತ್ತಿದ್ದರು. ಅಪ್ಪ ಕುರ್ಚಿಯಲ್ಲಿ ಕಾಲು ಚಾಚಿ ಕೂತರು. ಊರು ತಾನೇ ಬಂದು ಹೋಗುತ್ತಿತ್ತು.

ಸಂಜೆಯಾಗುತ್ತಿದ್ದಂತೆ ದೋಣಿ ನಿಂತಿತು. ಅಲ್ಲಿನ ನಿಯಮವೇ ಹಾಗೆ, ರಾತ್ರಿ ಮೀನುಗಾರರ ಬಲೆ ಇರುವುದರಿಂದ ಹೌಸ್‌ಬೋಟ್‌ಗಳು ಕತ್ತಲಾಗುವ ಮೊದಲೇ ದಂಡೆಗೆ ಕಟ್ಟಿಕೊಳ್ಳಬೇಕು. ಬುಕ್ ಮಾಡುವಾಗ ಇದು ನನಗೆ ನಿರಾಸೆ ತಂದಿತ್ತು. ಅವ್ವನಿಗೆ ಅದೇ ಸಮಾಧಾನ. ಹಗ್ಗ ತೆಂಗಿನ ಮರಕ್ಕೆ ಬಿಗಿಯುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಒಳಗೆ ಹೋಗಿ ರೊಟ್ಟಿ ಗಂಟು ಬಿಚ್ಚಿದಳು. ಕೊಬ್ಬರಿ ಎಣ್ಣೆಯ ಪಲ್ಯದ ಜೊತೆ ಖಡಕ್ ರೊಟ್ಟಿ ಹೊಂದುತ್ತದೋ ಇಲ್ಲವೋ, ಅಡುಗೆಯವನಂತೂ ಎರಡು ರೊಟ್ಟಿ ಕೇಳಿ ತಿಂದ.

ಊಟ ಆದ ಮೇಲೆ ಅವ್ವ ಅವನನ್ನು ತನಗೆ ಬರುವ ಹಿಂದಿಯಲ್ಲಿ ಕೇಳಿದಳು, ಇಲ್ಲಿ ನೀರು ಮನೆಯೊಳಗೆ ಬರುವುದಿಲ್ಲವೇ ಅಂತ. ಅವನು ನಕ್ಕ. 2018ರ ಆಗಸ್ಟ್‌ನಲ್ಲಿ ಬಂದಿತ್ತು ಅಂದ. ಎಲ್ಲರೂ ಮನೆ ಬಿಟ್ಟು ಶಿಬಿರಗಳಿಗೆ ಹೋಗಿದ್ದರು, ನೀರು ಇಳಿದ ಮೇಲೆ ಕೆಸರು ತೆಗೆದು, ಗೋಡೆ ತೊಳೆದು ಮತ್ತೆ ಸೇರಿಕೊಂಡರು ಅಂತ.

ಅವ್ವ ಬಹಳ ಹೊತ್ತು ಎದುರು ದಂಡೆಯ ಮನೆಗಳ ದೀಪ ನೋಡುತ್ತಾ ಕೂತಳು. ಆಮೇಲೆ ನನಗೆ ಮಾತ್ರ ಕೇಳುವಂತೆ ಅಂದಳು: "ಇವರು ತಿರುಗಿ ಬಂದ್ರಲ್ಲಪಾ."

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಆ ರಾತ್ರಿ ಅವಳು ತಡವಾಗಿ ಮಲಗಿದಳು. ಎರಡನೆಯ ರಾತ್ರಿ ಅಪ್ಪನಿಗಿಂತ ಮೊದಲೇ ನಿದ್ದೆ ಹೋದಳು. ಬೆಳಿಗ್ಗೆ ಏಳಕ್ಕೂ ಎದ್ದಿರಲಿಲ್ಲ. ಊರಲ್ಲಿ ಐದಕ್ಕೆ ಏಳುವವಳು. ಚಹಾ ತಂದ ಹುಡುಗನಿಗೆ ಅಪ್ಪ ಬಾಯಿ ಮೇಲೆ ಬೆರಳಿಟ್ಟು ಸುಮ್ಮನಿರಲು ಸನ್ನೆ ಮಾಡಿದರು.

ಅಪ್ಪ–ಅಮ್ಮನನ್ನು ಹೀಗೆ ಕರೆದೊಯ್ಯುವ ಯೋಚನೆ ನಿಮಗೂ ಇದ್ದರೆ ಕೆಲವು ಮಾತು. ಹೌಸ್‌ಬೋಟ್‌ಗೆ ಪರವಾನಗಿ ಇದೆಯೇ, ಲೈಫ್ ಜಾಕೆಟ್ ಎಷ್ಟಿವೆ ನೋಡಿ. ಎಸಿ ದಿನವಿಡೀ ಇದೆಯೋ ರಾತ್ರಿ ಮಾತ್ರವೋ, ದೋಣಿ ಹತ್ತಿಳಿಯಲು ಹಲಗೆ ಹೇಗಿದೆ, ಸಸ್ಯಾಹಾರಕ್ಕೆ ಪಾತ್ರೆ ಬೇರೆ ಇಡುತ್ತಾರೆಯೇ, ಮೊದಲೇ ಕೇಳಿ. ಒಂದೇ ಸಲ ದೊಡ್ಡ ಖರ್ಚಿಗೆ ಕೈ ಹಾಕುವ ಮೊದಲು ಆಲಪ್ಪುಳದಿಂದ ಕೊಟ್ಟಾಯಂ ಕಡೆ ಹೋಗುವ ಸರ್ಕಾರಿ ಪ್ರಯಾಣಿಕರ ದೋಣಿಯಲ್ಲಿ ಒಮ್ಮೆ ಕೂರಿಸಿ ನೋಡಿ. ಬಸ್ಸಿನ ಟಿಕೆಟ್‌ನಷ್ಟೇ ಖರ್ಚು, ಅದೇ ನೀರು, ಅದೇ ದಂಡೆ. ದೊಡ್ಡ ಹಡಗೇ ಬೇಕು ಅನ್ನುವವರು ಬಂದರು ಕಡಿಮೆ ಇರುವ ದಾರಿ, ಮಧ್ಯದ ಕೋಣೆ ಆರಿಸಿ.

ಎಲ್ಲಕ್ಕಿಂತ ಮೊದಲು ಅವರನ್ನೇ ಕೇಳಿ. "ಎಲ್ಲಿಗೆ ಹೋಗೋಣ" ಅಂತಲ್ಲ. ಆ ಪ್ರಶ್ನೆಗೆ ಅವರು "ನಿನಗೆ ಅನುಕೂಲ ಆದಲ್ಲಿ" ಅಂತಲೇ ಹೇಳುತ್ತಾರೆ. ಎಂಥ ಜಾಗದಲ್ಲಿ ನಿಮಗೆ ನಿದ್ದೆ ಬರುತ್ತದೆ ಅಂತ ಕೇಳಿ.

ಈ ಬೇಸಿಗೆಯಲ್ಲಿ ಘಟಪ್ರಭೆಯ ನೀರು ಇಳಿದಾಗ ಹನಮಪ್ಪನ ಕಟ್ಟೆಗೆ ನನ್ನನ್ನೂ ಕರೆದುಕೊಂಡು ಹೋಗುತ್ತೇನೆ ಅಂತ ಅವ್ವ ಹೇಳಿದ್ದಾಳೆ. ರಜೆ ಈಗಲೇ ಹಾಕಿಟ್ಟಿದ್ದೇನೆ.