ಕಾಫಿ ನಾಡಿನ ಕಳ್ಳಹೆಜ್ಜೆ

ಚಿಕ್ಕಮಗಳೂರಿನಿಂದ ಆಲ್ದೂರು, ಹಾಂದಿ ದಾಟಿ ಮೂಡಿಗೆರೆ. ಅಲ್ಲಿಂದ ಕೊಟ್ಟಿಗೆಹಾರ, ಬಾಳೂರು ಹಾದು ಕಳಸ. ಈ ದಾರಿಯುದ್ದಕ್ಕೂ ಬಸ್ಸಿನ ಕಿಟಕಿ ಪಕ್ಕ ಕುಳಿತವರಿಗೆ ಸಮತಟ್ಟಾದ ನೆಲ ಕಾಣುವುದೇ ಅಪರೂಪ. ಸಿಲ್ವರ್ ಓಕ್ ಮರಗಳು, ಅವುಗಳನ್ನು ತಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ ಗಿಡ, ಎಲ್ಲವೂ ಇಳಿಜಾರಿನಲ್ಲೇ. ಚಪ್ಪಟೆ ಜಾಗವೆಂದರೆ ಎರಡೇ: ಕಾಫಿ ಒಣಗಿಸುವ ಕಣ, ಗುಡ್ಡಗಳ ಸಂದಿಯಲ್ಲಿ ಹರಡಿಕೊಂಡ ಗದ್ದೆ. ಹಣ್ಣು ಕೊಯ್ಲಿನ ಕಾಲದಲ್ಲಿ ಕಣಕ್ಕೆ ಕಾಲಿಟ್ಟರೆ ಬೈಗುಳ ಖಚಿತ. ಉಳಿಯುವುದು ಬತ್ತ ಕೊಯ್ದ ಗದ್ದೆ.

ಕ್ರಿಕೆಟ್ ಆಡುವಷ್ಟು ಬಯಲು ಎಲ್ಲ ಊರಿಗೂ ಎಲ್ಲಿ ಸಿಗಬೇಕು? ಕಬಡ್ಡಿಗೆ ಆ ಚಿಂತೆಯಿಲ್ಲ. ಗಂಡಸರ ಅಂಕಣಕ್ಕೆ 13 ಮೀಟರ್ ಉದ್ದ, 10 ಮೀಟರ್ ಅಗಲ ಸಾಕು. ಒಂದೇ ಗದ್ದೆಯ ಕೂಳೆ ಕೆತ್ತಿ, ಮಣ್ಣು ಹದ ಮಾಡಿ, ಸುಣ್ಣದ ಗೆರೆ ಎಳೆದರೆ ಮುಗಿಯಿತು. ನಾಲ್ಕು ಮೂಲೆಗೆ ದೀಪ ಕಟ್ಟಿದರೆ ಅದೇ ‘ಹೊನಲು ಬೆಳಕಿನ ಪಂದ್ಯಾವಳಿ’. ತೋಟದ ಲೈನ್ ಮನೆಗಳ ಹುಡುಗರು, ಕಾಲೇಜು ಹುಡುಗರು, ಜೀಪು ಓಡಿಸುವವರು ಒಂದೇ ತಂಡದಲ್ಲಿ ನಿಲ್ಲುವುದು ಇಲ್ಲಿ ಸಾಮಾನ್ಯ ನೋಟ.

ಅಂಕಣ ಇಷ್ಟು ಚಿಕ್ಕದಾದ್ದರಿಂದಲೇ ಆಟದ ಗುಣವೂ ಬೇರೆ. ಒಂದು ತಂಡದ ಪಾಲಿಗೆ ಬರುವ ನೆಲದ ಉದ್ದ ಆರೂವರೆ ಮೀಟರ್. ಅಷ್ಟರಲ್ಲಿ ಯಾರೂ ಓಡಿ ಗೆಲ್ಲಲಾರರು. ಬರೀ ತೋಳ್ಬಲವೂ ಸಾಲದು. ಕಬಡ್ಡಿಯೆಂದರೆ ಎಮ್ಮೆ ಕಾಳಗ ಎಂದುಕೊಂಡವರು ಒಮ್ಮೆ ಗದ್ದೆಯ ಬದುವಿನ ಮೇಲೆ ಕುಳಿತು ರೈಡರನನ್ನು ಬಿಟ್ಟು ಹಿಡಿಯುವವರ ಪಾದಗಳನ್ನಷ್ಟೇ ನೋಡಬೇಕು. ಅಲ್ಲಿ ನಡೆಯುವುದು ಅಪ್ಪಟ ನಾಟಕ.

ಎದುರಾಳಿ ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಒಳಗೆ ಬಂದಿದ್ದಾನೆ. ಅವನಿಗಿರುವುದು 30 ಸೆಕೆಂಡು. ಮೂಲೆಯ ಆಟಗಾರ, ಎಲ್ಲರೂ ಕಾರ್ನರ್ ಎನ್ನುವವನು, ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಮುಖದಲ್ಲಿ ಅಂಜಿಕೆ. ಪಕ್ಕದವನು ಬೇರೆತ್ತಲೋ ನೋಡುತ್ತಾನೆ. ನಡುವೆ ಒಂದು ಸಂದು ತೆರೆದುಕೊಳ್ಳುತ್ತದೆ. ‘ಬಾ, ಇಲ್ಲಿ ಬೋನಸ್ ಇದೆ’ ಎಂದು ನೆಲವೇ ಕರೆದಂತೆ! ಬೋನಸ್ ಗೆರೆ ಇರುವುದು ಮಧ್ಯಗೆರೆಯಿಂದ 4.75 ಮೀಟರ್ ಒಳಗೆ. ಆರು ಅಥವಾ ಏಳು ಮಂದಿ ಎದುರಿಗಿದ್ದಾಗ ರೈಡರನ ಒಂದು ಕಾಲು ಆ ಗೆರೆ ದಾಟಿ ಊರಿ, ಇನ್ನೊಂದು ಕಾಲು ನೆಲ ಬಿಟ್ಟಿದ್ದರೆ ಒಂದು ಅಂಕ. ಅಂಕದ ಆಸೆಗೆ ಅವನು ಕಾಲು ಚಾಚುತ್ತಾನೆ. ಹೆದರಿ ಹಿಂದೆ ಸರಿದವನು ಮರುಕ್ಷಣ ಅವನ ಹರಡು ಹಿಡಿದಿರುತ್ತಾನೆ. ಎತ್ತಲೋ ನೋಡುತ್ತಿದ್ದವನು ಮಧ್ಯಗೆರೆಯ ದಾರಿ ಮುಚ್ಚಿರುತ್ತಾನೆ.

ಇದರ ಹಿಂದಿರುವುದು ಹೈಸ್ಕೂಲಿನ ಭೌತಶಾಸ್ತ್ರವೇ. ಕಣ್ಣು ಕಂಡದ್ದಕ್ಕೆ ಕೈಕಾಲು ಸ್ಪಂದಿಸಲು ಹೆಚ್ಚುಕಡಿಮೆ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ನುಗ್ಗಿದವನು ಅಷ್ಟರಲ್ಲಿ ಒಂದು ಮೀಟರ್ ಮುಂದೆ ಹೋಗಿರುತ್ತಾನೆ. ಬಲೆ ಕಂಡರೂ ನಿಲ್ಲಲಾರ, ಜಡತ್ವ ಬಿಡದು. ಮೇಲಾಗಿ ಒಂಟಿ ಕಾಲಿನ ಮೇಲೆ ನಿಂತವನ ಗುರುತ್ವ ಕೇಂದ್ರಕ್ಕೆ ಆಸರೆ ಒಂದು ಪಾದದ ಅಗಲ ಮಾತ್ರ. ಪಳಗಿದ ರೈಡರ್ ಆದ್ದರಿಂದ ಹಿಡಿಯುವವರ ಮುಖ ನೋಡುವುದಿಲ್ಲ, ಹಿಮ್ಮಡಿ ನೋಡುತ್ತಾನೆ. ಹಿಂದೆ ಸರಿದವನ ಹಿಮ್ಮಡಿ ನೆಲಕ್ಕೆ ಊರದೆ ಎತ್ತಿಕೊಂಡೇ ಇದ್ದರೆ ಅವನು ಹೆದರಿಲ್ಲ, ನೆಗೆಯಲು ಸಿದ್ಧನಾಗಿದ್ದಾನೆ.

ಬಲೆ ಬೀಸುವ ಈ ವಿದ್ಯೆಯಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರರೂ ಕಡಿಮೆಯವರಲ್ಲ. ಅಲ್ಲಿ ಓಟಗಾರ ‘ಬೇಸ್’ ಎಂಬ ದಿಂಡಿನ ಮೇಲೆ ಕಾಲಿಟ್ಟಿರುವಷ್ಟು ಹೊತ್ತು ಕ್ಷೇಮ. ಬಿಟ್ಟಾಗ ಚೆಂಡು ಹಿಡಿದ ಕೈ ಅವನಿಗೆ ತಗುಲಿದರೆ ಔಟ್. 1982ರಲ್ಲಿ ಒಮಾಹಾದಲ್ಲಿ ನಡೆದ ಕಾಲೇಜು ವಿಶ್ವ ಸರಣಿಯಲ್ಲಿ ಮಯಾಮಿ ಮತ್ತು ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯಗಳು ಎದುರಾದವು. ವಿಚಿಟಾದ ಫಿಲ್ ಸ್ಟೀಫನ್‌ಸನ್ ಬೇಸ್ ಕದಿಯುವುದರಲ್ಲಿ ಹೆಸರುವಾಸಿ. ಮಯಾಮಿಯ ಪಿಚರ್ ಅವನಿದ್ದ ಒಂದನೇ ಬೇಸಿನತ್ತ ಚೆಂಡೆಸೆದಂತೆ ನಟಿಸಿದ. ಚೆಂಡು ಅವನ ಕೈಯಲ್ಲೇ ಇತ್ತು. ಬೇಸಿನ ಬಳಿಯಿದ್ದವನು ಚೆಂಡು ತಪ್ಪಿಹೋಯಿತೆಂಬಂತೆ ನೆಗೆದು ಬಿದ್ದ. ಉಳಿದವರು ಇಲ್ಲದ ಚೆಂಡನ್ನು ಹುಡುಕುತ್ತ ಓಡಿದರು. ಅಂಚಿನಲ್ಲಿ ಕುಳಿತವರೂ ‘ಅಗೋ ಅಲ್ಲಿ’ ಎಂದು ಕೈ ತೋರಿದರು. ಸ್ಟೀಫನ್‌ಸನ್ ಎರಡನೇ ಬೇಸಿಗೆ ಓಟ ಕಿತ್ತ. ಅಲ್ಲಿ ಅವನಿಗೆ ಮೊದಲೇ ಚೆಂಡು ಕಾದಿತ್ತು! ಪಂದ್ಯ 4–3ರಿಂದ ಮಯಾಮಿಯ ಪಾಲಾಯಿತು.

ಹಾಗಾದರೆ ಆಟದ ಹೆಸರಿನಲ್ಲಿ ಮಕ್ಕಳಿಗೆ ಮೋಸ ಕಲಿಸುವುದೇ ಎಂದು ತಂದೆತಾಯಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಎಲ್ಲ ಆಟಗಳೂ ಇದಕ್ಕೆ ಒಂದೇ ಉತ್ತರ ಕೊಟ್ಟಿಲ್ಲ. ಕ್ರಿಕೆಟ್ 2017ರಲ್ಲಿ ನಿಯಮ ಬಿಗಿ ಮಾಡಿತು. ಕೈಯಲ್ಲಿ ಚೆಂಡಿಲ್ಲದೆ ಎಸೆದಂತೆ ನಟಿಸಿ ಬ್ಯಾಟ್ಸ್‌ಮನ್‌ನನ್ನು ವಂಚಿಸಿದರೆ 5 ರನ್ ದಂಡ. ಆದರೂ 2021ರ ಏಪ್ರಿಲ್‌ನಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಕ್ವಿಂಟನ್ ಡಿ ಕಾಕ್ ಇನ್ನೊಂದು ತುದಿಯತ್ತ ಕೈ ತೋರಿದಾಗ, ಹಿಂದಿರುಗಿ ನೋಡುತ್ತ ಓಟ ನಿಧಾನಿಸಿದ ಪಾಕಿಸ್ತಾನದ ಫಖರ್ ಜಮಾನ್ 193ಕ್ಕೆ ರನೌಟಾದರು. ದಂಡ ಬೀಳಲಿಲ್ಲ, ವಾದ ಮಾತ್ರ ಬಹಳ ದಿನ ನಡೆಯಿತು. ಖೋಖೋದಲ್ಲಿ ಅಟ್ಟಿಸುವವನ ಭುಜ ಯಾವ ಕಡೆ ತಿರುಗಿತೋ ಆ ದಿಕ್ಕಿಗೇ ಅವನು ಹೋಗಬೇಕು; ಅಲ್ಲಿ ಭುಜ ಸುಳ್ಳು ಹೇಳುವಂತಿಲ್ಲ. ಕಬಡ್ಡಿಯಲ್ಲಿ ಭುಜ, ಕಣ್ಣು, ಕಾಲು ಮೂರೂ ಸುಳ್ಳು ಹೇಳಬಹುದು, ಎರಡೂ ಕಡೆಯವರಿಗೆ ಅದು ಮೊದಲೇ ಗೊತ್ತು. ಗೊತ್ತಿದ್ದವನಿಗೆ ಒಡ್ಡುವ ಬಲೆ ಪಂಥವೇ ಹೊರತು ವಂಚನೆಯಲ್ಲ.

ಬೇರೊಂದು ಸುಳ್ಳಿದೆ, ಅದು ಕೆಟ್ಟದ್ದು. ಬೆರಳು ತಾಗಿದ್ದು ತನಗೆ ಗೊತ್ತಿದ್ದೂ ಅಂಪೈರ್ ಕೇಳಿದಾಗ ‘ಟಚ್ ಆಗಿಲ್ಲ ಸಾರ್’ ಎನ್ನುವುದು. ಟಿ.ವಿ. ಮರುನೋಟವಿಲ್ಲದ ಗದ್ದೆಯಲ್ಲಿ ಪಂದ್ಯ ಕೆಡುವುದು, ಊರೂರಿಗೆ ಮಾತು ಬೆಳೆಯುವುದು ಈ ಸುಳ್ಳಿನಿಂದ. ಎದುರಾಳಿಯ ಕಣ್ಣು ತಪ್ಪಿಸುವುದು ಆಟದ ಒಳಗಿನದು. ತೀರ್ಪುಗಾರನ ಕಣ್ಣಿಗೆ ಮಣ್ಣೆರಚುವುದು ಹೊರಗಿನದು. ತರಬೇತಿ ಕೊಡುವ ಹಿರಿಯರು ಮೊದಲು ಕಲಿಸಬೇಕಾದ ಗೆರೆ ಇದು. ಬೋನಸ್ ಗೆರೆ ಆಮೇಲೆ.

ಹುಡುಗಿಯರು ಈ ಆಟ ಆಡುವುದೇ ಎಂದು ಮೂಗು ಮುರಿಯುವ ಮನೆಗಳು ಈಗಲೂ ಇವೆ. ಕಳಸದಿಂದ ಕುದುರೆಮುಖದ ದಾರಿ ಹಿಡಿದು ಘಟ್ಟ ಇಳಿದರೆ ಸಿಗುವ ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ, 2012ರಲ್ಲಿ ಪಟ್ನಾದಲ್ಲಿ ಮಹಿಳೆಯರ ವಿಶ್ವಕಪ್ ಗೆದ್ದ ಭಾರತ ತಂಡದ ನಾಯಕಿ. 2014ರ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು. ಕೈಕಾಲು ಉಳುಕುವ ಭಯ ಸುಳ್ಳಲ್ಲ. ಹರಡು ಹಿಡಿದು ತಿರುಚಿದರೆ ಮಂಡಿಗೇ ಪೆಟ್ಟು. ಹಾಗೆಂದೇ ಮಣ್ಣು ಹದ ಮಾಡುವುದನ್ನು ಬಲ್ಲವರಿಗೇ ಒಪ್ಪಿಸಬೇಕು.

ಹದ ಮಾಡಲು ಮಣ್ಣು ಇರಬೇಕಲ್ಲ! ಬತ್ತ ಗಿಟ್ಟುವುದಿಲ್ಲವೆಂದು ಮಲೆನಾಡಿನಲ್ಲಿ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾಗುತ್ತಿವೆ. ಬೆಳೆಗಾರರನ್ನು ದೂರುವಂತಿಲ್ಲ, ಆಳಿನ ಕೂಲಿಯೂ ಹುಟ್ಟದ ಬೆಳೆಯನ್ನು ಹುಡುಗರ ಆಟಕ್ಕಾಗಿ ಯಾರು ಬೆಳೆದಾರು? ಗದ್ದೆ ಹೋದಲ್ಲಿ ಆಟ ಶಾಲೆಯ ಅಂಗಳಕ್ಕೆ ಬರುತ್ತದೆ, ಅಂಗಳವಿಲ್ಲದ ಶಾಲೆಯಾದರೆ ನಿಲ್ಲುತ್ತದೆ.

ಉಳಿದ ಗದ್ದೆಗಳಲ್ಲಿ ಮಳೆಗಾಲದಲ್ಲಿ ಕೆಸರುಗದ್ದೆ ಕ್ರೀಡಾಕೂಟಗಳು ನಡೆಯುತ್ತವೆ. ಅಲ್ಲಿಯೂ ಕಬಡ್ಡಿಯುಂಟು. ಆದರೆ ಮೊಣಕಾಲುದ್ದ ಕೆಸರಿನಲ್ಲಿ ಕಳ್ಳಹೆಜ್ಜೆ ಎಲ್ಲಿಂದ ಬರಬೇಕು? ಹೂತ ಕಾಲನ್ನು ಕಿತ್ತುಕೊಳ್ಳುವಷ್ಟರಲ್ಲಿ ಅವನ ಉದ್ದೇಶ ಬದುವಿನ ಮೇಲಿನ ಅಜ್ಜಿಗೂ ತಿಳಿದುಹೋಗಿರುತ್ತದೆ.